ಕಾಣುವ ಸೋಫಾ, ಕಾಣದ ಸಂಬಳ

1957ರಲ್ಲಿ ಅಮೆರಿಕದ ಸಿಬಿಎಸ್ ವಾಹಿನಿಗೆ ಒಂದು ಮೊಸಳೆ ಮರಿ ಪೇಚು ತಂದಿಟ್ಟಿತು. ‘ಲೀವ್ ಇಟ್ ಟು ಬೀವರ್’ ಎಂಬ ಹೊಸ ಹಾಸ್ಯ ಧಾರಾವಾಹಿಯಲ್ಲಿ ಅಣ್ಣ ತಮ್ಮ ಇಬ್ಬರು ಹುಡುಗರು ಅಂಚೆಯಲ್ಲಿ ಮೊಸಳೆ ಮರಿಯೊಂದನ್ನು ತರಿಸುತ್ತಾರೆ. ಅಪ್ಪ ಅಮ್ಮನಿಗೆ ತಿಳಿಯಬಾರದು, ಮರಿಗೆ ನೀರು ತಪ್ಪಬಾರದು. ಹುಡುಗರು ಅದನ್ನು ಶೌಚಾಲಯದ ಫ್ಲಶ್ ಟ್ಯಾಂಕಿನೊಳಗೆ ಬಿಡುತ್ತಾರೆ. ಆದರೆ ಆಗಿನ ಟಿವಿಯಲ್ಲಿ ಶೌಚಾಲಯ ತೋರಿಸುವ ಹಾಗಿರಲಿಲ್ಲ. ವಾಹಿನಿಗೂ ನಿರ್ಮಾಪಕರಿಗೂ ಎಳೆದಾಟ ನಡೆದು, ಕಡೆಗೆ ಟ್ಯಾಂಕ್ ಮಾತ್ರ ಕಾಣಲಿ, ಕಮೋಡ್ ಬೇಡ ಎಂದು ತೀರ್ಮಾನವಾಯಿತು. ಮೊದಲ ಕಂತಾಗಬೇಕಿದ್ದ ಕತೆ ಒಂದು ವಾರ ತಡವಾಗಿ ಎರಡನೆಯ ಕಂತಾಯಿತು.

ಟಿವಿಯ ಕುಟುಂಬ ಹಾಸ್ಯ ಹುಟ್ಟಿದ ದಿನದಿಂದಲೂ ಅದಕ್ಕೊಂದು ಮನೆ ಇದೆ. ಆ ಮನೆಯ ಯಾವ ಕೋಣೆಗೆ ನಮ್ಮನ್ನು ಬಿಡಬೇಕು, ಯಾವುದಕ್ಕೆ ಬಿಡಬಾರದು ಎಂಬುದನ್ನು ಯಾರೋ ಕುಳಿತು ನಿರ್ಧರಿಸಿರುತ್ತಾರೆ. ಈ ಧಾರಾವಾಹಿಗಳು ಅಂದಂದಿನ ಕುಟುಂಬಕ್ಕೆ ಕನ್ನಡಿ ಹಿಡಿದವು ಎಂದು ಹೇಳುವುದು ರೂಢಿ. ತೋರಿಸಿದ್ದಕ್ಕಿಂತ ಮುಚ್ಚಿಟ್ಟದ್ದನ್ನು ಗಮನಿಸಿದರೆ ಹೆಚ್ಚು ತಿಳಿಯುತ್ತದೆ ಎಂದು ನನಗನ್ನಿಸುತ್ತದೆ. ಬಚ್ಚಲುಮನೆಯ ಬಾಗಿಲು ತೆರೆಯಿತು, ಮಲಗುವ ಕೋಣೆಯದ್ದೂ ತೆರೆಯಿತು. ಎಲ್ಲಕ್ಕಿಂತ ತಡವಾಗಿ ತೆರೆದದ್ದು, ತೆರೆದ ಮೇಲೂ ಮತ್ತೆ ಮತ್ತೆ ಮುಚ್ಚಿಕೊಂಡದ್ದು ತಿಂಗಳ ಖರ್ಚಿನ ಲೆಕ್ಕಪುಸ್ತಕ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. 1950ರ ದಶಕದ ಅಮೆರಿಕದಲ್ಲಿ ಒಂದು ಕಾರ್ಯಕ್ರಮಕ್ಕೆ ಸಾಮಾನ್ಯವಾಗಿ ಒಬ್ಬರೇ ಪ್ರಾಯೋಜಕರು. ಸಿಗರೇಟು, ಕಾಫಿಪುಡಿ, ಸಾಬೂನು, ಕಾರು ಮಾರುವ ಕಂಪನಿಗಳ ದುಡ್ಡಿನಲ್ಲಿ ಕತೆ ನಡೆಯುತ್ತಿತ್ತು. ತೆರೆಯ ಮೇಲಿನ ಮನೆ ಅವರ ಸರಕಿಗೆ ಅಂಗಡಿಯ ಗಾಜಿನ ಕಪಾಟಾಗಿತ್ತು. ಆ ಮನೆಯ ಯಜಮಾನ ಬಾಡಿಗೆ ಕಟ್ಟಲು ಪರದಾಡಿದರೆ ಫ್ರಿಜ್ ಕೊಳ್ಳುವವರು ಯಾರು?

ಕಿಟಕಿಯ ಆಚೆ ಕಿಟಕಿ

ಆ ಕಪಾಟಿಗೆ ಒಗ್ಗದೆ ನಿಂತ ಒಂದು ಮನೆ ಮೊದಲಲ್ಲೇ ಇತ್ತು. ಗರ್ಟ್ರೂಡ್ ಬರ್ಗ್ ಎಂಬಾಕೆ 1929ರಿಂದ ರೇಡಿಯೋದಲ್ಲಿ ನಡೆಸಿಕೊಂಡು ಬಂದ ‘ದಿ ಗೋಲ್ಡ್‌ಬರ್ಗ್ಸ್’ 1949ರಲ್ಲಿ ಟಿವಿಗೆ ಬಂತು. ನ್ಯೂಯಾರ್ಕಿನ ಬ್ರಾಂಕ್ಸ್‌ನ ವಠಾರದಲ್ಲಿ ವಾಸಿಸುವ ಯಹೂದಿ ಕುಟುಂಬದ ಕತೆ ಅದು. ಬರೆಯುವವಳೂ ಬರ್ಗ್, ಮನೆಯೊಡತಿ ಮಾಲಿಯಾಗಿ ನಟಿಸುವವಳೂ ಬರ್ಗ್. ಮಾಲಿ ತನ್ನ ಕಿಟಕಿಯಿಂದ ಬಾಗಿ ಎದುರು ಕಿಟಕಿಯ ನೆರೆಯವಳನ್ನು ಕೂಗಿ ಕರೆಯುತ್ತಾಳೆ. ಅದೇ ಕಿಟಕಿಯಲ್ಲಿ ನಿಂತು, ಅದೇ ಧಾಟಿಯಲ್ಲಿ, ಪ್ರೇಕ್ಷಕರಿಗೆ ಪ್ರಾಯೋಜಕರ ಸಾಂಕಾ ಕಾಫಿಯ ಗುಣಗಾನವನ್ನೂ ಮಾಡುತ್ತಿದ್ದಳು. ನೆರೆಯವಳ ಜೊತೆಗಿನ ಮಾತು ಎಲ್ಲಿ ಮುಗಿಯಿತು, ಜಾಹೀರಾತು ಎಲ್ಲಿ ಶುರುವಾಯಿತು ಎಂದು ಬೇರ್ಪಡಿಸುವುದು ಕಷ್ಟವಾಗಿತ್ತು.

ಮುಂದೆ ಆದದ್ದು ನಗುವ ವಿಷಯವಲ್ಲ. ಗಂಡನ ಪಾತ್ರ ಮಾಡುತ್ತಿದ್ದ ಫಿಲಿಪ್ ಲೋಬ್ ನಟರ ಸಂಘದಲ್ಲಿ ದುಡಿದವರು. 1950ರಲ್ಲಿ ಹೊರಬಂದ ‘ರೆಡ್ ಚಾನೆಲ್ಸ್’ ಎಂಬ ಪುಸ್ತಿಕೆ ಕಮ್ಯುನಿಸ್ಟ್ ನಂಟಿನ ಶಂಕೆಯಿದೆ ಎಂದು ಪಟ್ಟಿ ಮಾಡಿದ ಹೆಸರುಗಳಲ್ಲಿ ಅವರದ್ದೂ ಒಂದು. ಪ್ರಾಯೋಜಕರು ಲೋಬ್ ಅವರನ್ನು ಬಿಡಿ ಎಂದರು. ಬರ್ಗ್ ಒಪ್ಪಲಿಲ್ಲ. ಪ್ರಾಯೋಜಕರೇ ಹೊರನಡೆದರು, ಕಾರ್ಯಕ್ರಮ ನಿಂತಿತು. ಅದು ಮತ್ತೆ ತೆರೆಗೆ ಬರುವಾಗ ಮಾಲಿಯ ಗಂಡನಾಗಿ ಬೇರೊಬ್ಬ ನಟ ಬಂದಿದ್ದರು. ಕೆಲಸ ಸಿಗದ ಲೋಬ್ 1955ರಲ್ಲಿ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಪ್ರಾಣ ಕಳೆದುಕೊಂಡರು. ಅದೇ ವರ್ಷ ಕತೆಯ ಗೋಲ್ಡ್‌ಬರ್ಗ್ ಕುಟುಂಬ ವಠಾರ ಬಿಟ್ಟು ಊರಾಚೆಯ ಬಡಾವಣೆಯ ಒಂಟಿ ಮನೆಗೆ ಹೋಯಿತು. ಎದುರು ಕಿಟಕಿಯ ನೆರೆಯವಳು ಅಲ್ಲಿಗೆ ಬರಲಿಲ್ಲ. ಐವತ್ತರ ದಶಕದ ಟಿವಿ ಕುಟುಂಬ ಹೇಗೆ ಒಂದೇ ಬಣ್ಣದ, ಒಂದೇ ಬಗೆಯ, ಒಂದೇ ವರಮಾನದ ಕುಟುಂಬವಾಯಿತು ಎಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ನನಗೆ ಬೇಕಿಲ್ಲ.

ಬಡಾವಣೆಯ ಮನೆಗಳಲ್ಲಿ ಅಪ್ಪಂದಿರು ಬೆಳಿಗ್ಗೆ ಟೈ ಕಟ್ಟಿ ಹೊರಡುತ್ತಾರೆ, ಸಂಜೆ ಬರುತ್ತಾರೆ. ನಡುವೆ ಏನು ಮಾಡುತ್ತಾರೆ? ‘ಲೀವ್ ಇಟ್ ಟು ಬೀವರ್’ನ ಅಪ್ಪ ವಾರ್ಡ್ ಕ್ಲೀವರ್‌ಗೆ ಎಂಥದ್ದೋ ಆಫೀಸು ಕೆಲಸ. 1952ರಿಂದ 1966ರವರೆಗೆ ನಡೆದ ‘ಓಜಿ ಆ್ಯಂಡ್ ಹ್ಯಾರಿಯೆಟ್’ನಲ್ಲಿ ನಿಜವಾದ ಗಂಡ ಹೆಂಡತಿ, ನಿಜವಾದ ಮಕ್ಕಳೇ ನಟಿಸುತ್ತಿದ್ದರು. ಮನೆಯ ಸೆಟ್ಟನ್ನೂ ಅವರ ಸ್ವಂತ ಮನೆಯ ಮಾದರಿಯಲ್ಲೇ ಕಟ್ಟಿದ್ದರು. ಆದರೆ ಕತೆಯ ಓಜಿ ಹೊಟ್ಟೆಪಾಡಿಗೆ ಏನು ಮಾಡುತ್ತಾನೆ ಎಂಬುದು ಕಡೆಗೂ ಸ್ಪಷ್ಟವಾಗಲಿಲ್ಲ. ನಿಜವಾದ ಓಜಿ ನೆಲ್ಸನ್ ವಾದ್ಯವೃಂದದ ನಾಯಕ, ಆ ಧಾರಾವಾಹಿಯ ನಿರ್ಮಾಪಕ, ಹಗಲಿರುಳು ದುಡಿಯುವ ಮನುಷ್ಯ. ಆ ದುಡಿಮೆಯನ್ನು ತೆಗೆದುಹಾಕಿ, ಅದರಿಂದ ಬಂದ ಸುಖವನ್ನಷ್ಟೇ ತೆರೆಯ ಮೇಲೆ ಉಳಿಸಿಕೊಂಡರು. ಅಮ್ಮಂದಿರಿಗೂ ಹೀಗೆಯೇ. ಬೀವರನ ಅಮ್ಮ ಜೂನ್ ಕೊರಳಲ್ಲಿ ಮುತ್ತಿನ ಸರ ಹಾಕಿಕೊಂಡೇ ಮನೆಗೆಲಸ ಮಾಡುತ್ತಾಳೆ. ನಟಿ ಬಾರ್ಬರಾ ಬಿಲಿಂಗ್ಸ್ಲಿ ಹೇಳಿದ ಕಾರಣ ಬಲು ಸರಳ: ಕೊರಳಲ್ಲೊಂದು ತಗ್ಗಿತ್ತು, ಅದನ್ನು ಮರೆಮಾಡಲು ಸರ. ಆ ಸರವೇ ಒಂದು ತಲೆಮಾರಿನ ಹೆಂಗಸರಿಗೆ ಮುಟ್ಟಲಾಗದ ಆದರ್ಶದ ಗುರುತಾಗಿಬಿಟ್ಟಿತು.

ಈ ಕಾಲದ ಮೇರು ‘ಐ ಲವ್ ಲೂಸಿ’. 1951ರ ಅಕ್ಟೋಬರ್ 15ರಂದು ಶುರುವಾದ ಇದರಲ್ಲಿ ಲೂಸಿಲ್ ಬಾಲ್ ಜೊತೆ ಗಂಡನಾಗಿ ನಟಿಸಿದವರು ಆಕೆಯ ನಿಜವಾದ ಗಂಡ, ಕ್ಯೂಬಾದ ಡೆಸಿ ಅರ್ನಾಜ್. ಅಮೆರಿಕದ ಹೆಂಗಸಿಗೆ ಸ್ಪ್ಯಾನಿಷ್ ಉಚ್ಚಾರದ ಗಂಡ ಎಂದರೆ ಜನ ಒಪ್ಪುತ್ತಾರೆಯೇ ಎಂದು ವಾಹಿನಿ ಅಳುಕಿತು. ಇಬ್ಬರೂ ಊರೂರಿನ ರಂಗಮಂದಿರಗಳಲ್ಲಿ ಪ್ರದರ್ಶನ ಕೊಟ್ಟು ಜನ ಒಪ್ಪುತ್ತಾರೆ ಎಂದು ತೋರಿಸಿಕೊಟ್ಟರು. ಲೂಸಿಲ್ ಬಾಲ್ ಎರಡನೆಯ ಸಲ ಬಸುರಿಯಾದಾಗ ಅದನ್ನೂ ಕತೆಗೆ ತಂದರು. ಪಾದ್ರಿ, ಯಹೂದಿ ರಬ್ಬಿಯಂಥ ಧರ್ಮಗುರುಗಳಿಗೆ ಸಂಭಾಷಣೆ ತೋರಿಸಿ ಒಪ್ಪಿಗೆ ಪಡೆದರು. ಲೂಸಿಗೆ ತೆರೆಯ ಮೇಲೆ ಮಗು ಹುಟ್ಟಿದ್ದು 1953ರ ಜನವರಿ 19ರಂದು, ಲೂಸಿಲ್ ಬಾಲ್‌ಗೆ ನಿಜವಾಗಿ ಮಗ ಹುಟ್ಟಿದ ದಿನವೇ. ಮಾರನೆಯ ದಿನ ಐಸೆನ್‌ಹೋವರ್ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದ್ದನ್ನು ನೋಡಿದವರಿಗಿಂತ ಲೂಸಿಯ ಹೆರಿಗೆ ನೋಡಿದವರೇ ಹೆಚ್ಚು.

ಇಲ್ಲಿ ದುಡ್ಡಿನ ಮಾತು ಬರುತ್ತದೆ, ಆದರೆ ಹೆಂಡತಿಯ ದುಂದಿನ ರೂಪದಲ್ಲಿ. ಚಾಕೊಲೇಟ್ ಕಾರ್ಖಾನೆಯ ಆ ಪ್ರಸಿದ್ಧ ಕಂತನ್ನು ಯೂಟ್ಯೂಬಿನಲ್ಲಿ ನೋಡಿದ ಕನ್ನಡಿಗರು ಬಹಳ ಜನ ಇರಬೇಕು. ಬೆಲ್ಟಿನ ಮೇಲೆ ಸರಸರ ಬರುವ ಚಾಕೊಲೇಟನ್ನು ಸುತ್ತಲಾಗದೆ ಲೂಸಿ, ನೆರೆಮನೆಯ ಗೆಳತಿ ಎಥೆಲ್ ಇಬ್ಬರೂ ಬಾಯಿಗೆ, ಟೊಪ್ಪಿಗೆಗೆ ತುಂಬಿಕೊಳ್ಳುತ್ತಾರೆ. ಅವರು ಅಲ್ಲಿಗೆ ಬಂದದ್ದು ಏಕೆ ಎಂಬುದು ಮಾತ್ರ ಹೆಚ್ಚಿನವರಿಗೆ ನೆನಪಿಲ್ಲ. ಲೂಸಿ ಕೊಟ್ಟ ಚೆಕ್ಕಿಗೆ ಬ್ಯಾಂಕಿನಲ್ಲಿ ದುಡ್ಡಿರಲಿಲ್ಲ, ಆ ಜಗಳದ ಮೇಲೆ ಗಂಡಂದಿರೂ ಹೆಂಡತಿಯರೂ ಕೆಲಸ ಅದಲುಬದಲು ಮಾಡಿಕೊಂಡಿದ್ದರು. ಕಂತಿನ ಕೊನೆಗೆ ಎಲ್ಲರೂ ತಂತಮ್ಮ ಜಾಗಕ್ಕೆ ಮರಳುತ್ತಾರೆ.

ದುಡ್ಡಿಲ್ಲದ ಮನೆಯನ್ನು ಇದ್ದ ಹಾಗೆ ತೋರಿಸಿದ್ದು ಜಾಕಿ ಗ್ಲೀಸನ್ ಅವರ ‘ದಿ ಹನಿಮೂನರ್ಸ್’. ಬ್ರೂಕ್ಲಿನ್ನಿನ ಬಸ್ ಚಾಲಕ ರಾಲ್ಫ್ ಕ್ರಾಮ್ಡೆನ್‌ಗೆ ವಾರಕ್ಕೆ 62 ಡಾಲರ್ ಸಂಬಳ. ಮನೆ ಎಂದರೆ ಒಂದು ಮೇಜು, ಒಂದು ಬೀರು, ಪಾತ್ರೆ ತೊಳೆಯುವ ಸಿಂಕ್, ಮಂಜುಗಡ್ಡೆ ಇಡುವ ಹಳೇ ಪೆಟ್ಟಿಗೆ. ಗ್ಲೀಸನ್ ತಾವು ಬೆಳೆದ ಬಡಮನೆಯನ್ನೇ ಸೆಟ್ಟಿನಲ್ಲಿ ನಿಲ್ಲಿಸಿದ್ದರು. ಅರ್ಧ ಗಂಟೆಯ ಧಾರಾವಾಹಿಯಾಗಿ ಅದು ನಡೆದದ್ದು 1955-56ರ ಒಂದೇ ಸಾಲಿನಲ್ಲಿ, 39 ಕಂತು. ಮುತ್ತಿನ ಸರದ ಮನೆಗಳು ವರ್ಷಗಟ್ಟಲೆ ನಡೆದವು.

ಫ್ಲಶ್ಶಿನ ಸದ್ದು

1971ರ ಜನವರಿ 12ರಂದು ಸಿಬಿಎಸ್‌ನಲ್ಲಿ ‘ಆಲ್ ಇನ್ ದಿ ಫ್ಯಾಮಿಲಿ’ ಶುರುವಾದಾಗ ಬಚ್ಚಲಿನ ಮಡಿ ಮುರಿಯಿತು. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ವಾಸಿಸುವ ಆರ್ಚಿ ಬಂಕರ್ ಮಹಡಿಯ ಮೇಲೆ ಫ್ಲಶ್ ಎಳೆದ ಸದ್ದು ಕೆಳಗಿನ ಪಡಸಾಲೆಗೆ, ಅಲ್ಲಿಂದ ಪ್ರೇಕ್ಷಕರ ಮನೆಗಳಿಗೆ ಕೇಳಿಸಿತು. ಅದರ ಜೊತೆಗೆ ಕೇಳಿಸಿದ ಮಾತುಗಳು ಇನ್ನೂ ದೊಡ್ಡವು: ಕರಿಯರ ಬಗೆಗಿನ ತಾತ್ಸಾರ, ವಿಯೆಟ್ನಾಂ ಯುದ್ಧ, ಹೆಂಗಸರ ಹಕ್ಕು. ಬ್ರಿಟನ್ನಿನ ಬಿಬಿಸಿಯ ‘ಟಿಲ್ ಡೆತ್ ಅಸ್ ಡು ಪಾರ್ಟ್’ ನೋಡಿ ನಾರ್ಮನ್ ಲಿಯರ್ ಇದನ್ನು ಕಟ್ಟಿದರು. ಹೆಂಡತಿಯ ಬಾಯಿ ಮುಚ್ಚಿಸುವ ಆರ್ಚಿಯ ದರ್ಪವನ್ನು ಲಿಯರ್ ತಮ್ಮ ತಂದೆಯಲ್ಲೇ ಕಂಡಿದ್ದರು. ಎಬಿಸಿ ವಾಹಿನಿ ಎರಡು ಸಲ ಮಾದರಿ ಕಂತು ಮಾಡಿಸಿ ಎರಡೂ ಸಲ ಬೇಡವೆಂದಿತ್ತು. ಕಡೆಗೆ ಒಪ್ಪಿದ ಸಿಬಿಎಸ್, ನಮ್ಮ ಉದ್ದೇಶ ಪೂರ್ವಗ್ರಹಗಳ ಮೇಲೆ ನಗುವಿನ ಬೆಳಕು ಹಾಯಿಸುವುದು ಎಂಬ ಅರ್ಥದ ಒಕ್ಕಣೆಯನ್ನು ಮೊದಲೇ ತೋರಿಸಿತು. ಮುಂದೆ ಐದು ವರ್ಷ ಆ ಮನೆಯೇ ದೇಶದ ನಂಬರ್ ಒನ್ ಕಾರ್ಯಕ್ರಮ.

ಲಿಯರ್ ಧೈರ್ಯಶಾಲಿ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಧೈರ್ಯಕ್ಕೆ ಜಾಗ ಸಿಕ್ಕಿದ್ದು ವ್ಯಾಪಾರದ ರೀತಿ ಬದಲಾದದ್ದರಿಂದ. ಐವತ್ತರ ದಶಕದ ಕೊನೆಗೆ ಕ್ವಿಜ್ ಕಾರ್ಯಕ್ರಮಗಳ ಮೋಸ ಬಯಲಾದ ಮೇಲೆ ಇಡೀ ಕಾರ್ಯಕ್ರಮವನ್ನು ಒಬ್ಬ ಪ್ರಾಯೋಜಕರ ಕೈಗೆ ಕೊಡುವ ಪದ್ಧತಿ ಸಡಿಲವಾಗುತ್ತ ಹೋಯಿತು. ವಾಹಿನಿಗಳು ನಿಮಿಷಗಳ ಲೆಕ್ಕದಲ್ಲಿ ಹಲವರಿಗೆ ಜಾಹೀರಾತಿನ ಜಾಗ ಮಾರತೊಡಗಿದವು. ಒಬ್ಬರು ಮುನಿಸಿಕೊಂಡರೆ ಇನ್ನೊಬ್ಬರು ಬರುತ್ತಾರೆ. ಫಿಲಿಪ್ ಲೋಬ್ ಅವರನ್ನು ಉಳಿಸಲಾಗದ ಏರ್ಪಾಡಿಗೂ ಆರ್ಚಿ ಬಂಕರನನ್ನು ತಾಳಿಕೊಂಡ ಏರ್ಪಾಡಿಗೂ ಇರುವ ವ್ಯತ್ಯಾಸ ಇದು.

ಈ ಮನೆಯಲ್ಲಿ ನಾಲ್ಕು ಜನ ಒಂದೇ ಮೇಜಿನ ಸುತ್ತ ಕೂತು ಕಿತ್ತಾಡುವುದಕ್ಕೂ ಕಾರಣ ದುಡ್ಡೇ. ಅಳಿಯ ಮೈಕ್ ಇನ್ನೂ ಓದುತ್ತಿದ್ದಾನೆ, ಬೇರೆ ಮನೆ ಮಾಡುವ ಶಕ್ತಿಯಿಲ್ಲ, ಹಾಗಾಗಿ ಮಗಳೂ ಅಳಿಯನೂ ಮಾವನ ಮನೆಯಲ್ಲಿದ್ದಾರೆ. ಮಾವನ ಅನ್ನ ತಿನ್ನುತ್ತ ಮಾವನ ರಾಜಕೀಯವನ್ನು ಬಯ್ಯುವುದು ಹೇಗೆ? ಆ ಧಾರಾವಾಹಿಯ ಅರ್ಧ ಹಾಸ್ಯ ಈ ಇಕ್ಕಟ್ಟಿನಿಂದ ಹುಟ್ಟುತ್ತದೆ. ಬೆಲೆಗಳು ಗಗನಕ್ಕೇರಿದ 1974ರಲ್ಲಿ ಲಿಯರ್ ತಂಡ ಬಂಕರ್ ಮನೆಯ ಹಣದುಬ್ಬರದ ಮೇಲೆಯೇ ಸಾಲಾಗಿ ನಾಲ್ಕು ಕಂತು ಮಾಡಿತು. ಆರ್ಚಿಯ ಕಾರ್ಮಿಕ ಸಂಘ ಮುಷ್ಕರ ಹೂಡುತ್ತದೆ, ಸಂಬಳ ನಿಲ್ಲುತ್ತದೆ, ಹೆಂಡತಿ ಎಡಿತ್ ಕೆಲಸಕ್ಕೆ ಹೋಗುತ್ತಾಳೆ. ಹೆಂಡತಿಯ ದುಡಿಮೆಯಿಂದ ಮನೆ ನಡೆಯುವಾಗ ಕುರ್ಚಿಯಲ್ಲಿ ಕುಳಿತ ಆರ್ಚಿಯ ಮುಖವನ್ನು ಕ್ಯಾರೊಲ್ ಒ’ಕಾನರ್ ಅಭಿನಯದಲ್ಲಿ ನೋಡಬೇಕು. ಆ ಕುರ್ಚಿಯೇ ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿದೆ.

ಲಿಯರ್ ಗರಡಿಯದ್ದೇ ‘ಮಾಡ್’ 1972ರ ನವೆಂಬರಿನಲ್ಲಿ ನಡುವಯಸ್ಸಿನ ಗೃಹಿಣಿಯ ಗರ್ಭಪಾತದ ನಿರ್ಧಾರವನ್ನು ತೋರಿಸಿತು, ಗರ್ಭಪಾತದ ಹಕ್ಕನ್ನು ಒಪ್ಪಿದ ಸುಪ್ರೀಂ ಕೋರ್ಟಿನ ರೋ ತೀರ್ಪಿಗೆ ಎರಡು ತಿಂಗಳು ಮೊದಲು. 1974ರ ‘ಗುಡ್ ಟೈಮ್ಸ್’ ಷಿಕಾಗೋದ ಸರ್ಕಾರಿ ವಸತಿ ಕಟ್ಟಡದಲ್ಲಿರುವ ಕರಿಯ ಕುಟುಂಬದ ಕತೆ. ತಾಯಿಯ ಪಾತ್ರಕ್ಕೆ ಆರಿಸಿದ ಎಸ್ತರ್ ರೋಲ್, ಮಕ್ಕಳಿಗೆ ತಂದೆಯೂ ಇರಬೇಕು ಎಂದು ಹಟ ಹಿಡಿದರು. ತಂದೆಯಾಗಿ ಜಾನ್ ಏಮಸ್ ಬಂದರು. ಆದರೆ ಕತೆ ದಿನೇ ದಿನೇ ಹಿರಿಮಗನ ಕೋಡಂಗಿತನದ ಕಡೆ ವಾಲಿತು, ಇಬ್ಬರೂ ಪ್ರತಿಭಟಿಸಿದರು, ಏಮಸ್ ಕೆಲಸ ಕಳೆದುಕೊಂಡರು. 1976ರಲ್ಲಿ ಆ ತಂದೆ ಕಾರು ಅಪಘಾತದಲ್ಲಿ ಸತ್ತನೆಂದು ತಂತಿ ಬರುತ್ತದೆ. ತಂದೆಗಾಗಿ ನಟಿಯೊಬ್ಬಳು ಹೋರಾಡಿ ಗೆದ್ದದ್ದನ್ನು ಎರಡೇ ವರ್ಷದಲ್ಲಿ ಕಿತ್ತುಕೊಂಡರು. ಇದು ನನ್ನನ್ನು ಈಗಲೂ ನೋಯಿಸುತ್ತದೆ.

ಆಟದ ನೋಟು, ಕರೆಂಟ್ ಬಿಲ್ಲು

1984ರ ಸೆಪ್ಟೆಂಬರಿನಲ್ಲಿ ಬಂದ ‘ದಿ ಕಾಸ್ಬಿ ಷೋ’ದ ಮೊದಲ ಕಂತಿನಲ್ಲೇ ದುಡ್ಡಿನ ಪಾಠವಿದೆ. ಅಪ್ಪ ಹೆರಿಗೆ ವೈದ್ಯ, ಅಮ್ಮ ವಕೀಲೆ. ಮಗ ಥಿಯೋ ಪರೀಕ್ಷೆಯಲ್ಲಿ ಕಳಪೆ ಅಂಕ ತಂದು, ನಾನು ಸಾಮಾನ್ಯ ಮನುಷ್ಯನಾಗಿಯೇ ಇರುತ್ತೇನೆ ಎನ್ನುತ್ತಾನೆ. ಅಪ್ಪ ಮೊನೊಪಲಿ ಆಟದ ನೋಟು ತಂದು ಅವನ ಕೈಗಿಡುತ್ತಾನೆ, ಇದು ನಿನ್ನ ಸಂಬಳ. ಆಮೇಲೆ ತೆರಿಗೆಗೆ ಇಷ್ಟು, ಬಾಡಿಗೆಗೆ ಇಷ್ಟು, ಬಟ್ಟೆಗೆ ಇಷ್ಟು ಎಂದು ಒಂದೊಂದಾಗಿ ಕಿತ್ತುಕೊಳ್ಳುತ್ತಾನೆ. ಬಹಳ ಚೆನ್ನಾಗಿ ಬರೆದ ದೃಶ್ಯ. ಆ ಮನೆಯಲ್ಲಿ ದುಡ್ಡಿನ ಅಭಾವ ಕಾಣಿಸಿಕೊಳ್ಳುವುದು ಆಟದ ನೋಟಿನಲ್ಲಿ ಮಾತ್ರ. ಕರಿಯ ಕುಟುಂಬವೊಂದು ಸುಶಿಕ್ಷಿತವಾಗಿ, ನೆಮ್ಮದಿಯಾಗಿ ಬಾಳುವುದನ್ನು ದೇಶವೆಲ್ಲ ವಾರವಾರ ನೋಡಿತು ಎಂಬುದು ಸಣ್ಣ ಸಂಗತಿಯಲ್ಲ. ಆದರೆ ಅಪ್ಪನಾಗಿ ನಟಿಸಿದ ಬಿಲ್ ಕಾಸ್ಬಿ ಮೇಲೆ ಮುಂದೆ ಹಲವು ಮಹಿಳೆಯರು ಲೈಂಗಿಕ ದೌರ್ಜನ್ಯದ ಆರೋಪ ಹೊರಿಸಿದರು. 2018ರಲ್ಲಿ ಅಪರಾಧಿ ಎಂದು ತೀರ್ಪಾಯಿತು, 2021ರಲ್ಲಿ ಪೆನ್ಸಿಲ್ವೇನಿಯಾದ ಸುಪ್ರೀಂ ಕೋರ್ಟ್ ಅದನ್ನು ರದ್ದುಗೊಳಿಸಿತು. ಆ ಮಹಿಳೆಯರ ಮಾತು ಕೇಳಿದ ಮೇಲೆ ಆ ಪಡಸಾಲೆಯನ್ನು ಮೊದಲಿನ ಕಣ್ಣಿನಿಂದ ನೋಡಲು ನನ್ನಿಂದಾಗದು.

‘ಕಾಸ್ಬಿ’ಯನ್ನು ನಿರ್ಮಿಸಿದ ಮಾರ್ಸಿ ಕಾರ್ಸಿ, ಟಾಮ್ ವರ್ನರ್ ಜೋಡಿಯೇ 1988ರ ಅಕ್ಟೋಬರಿನಲ್ಲಿ ‘ರೋಸಾನ್’ ತಂದಿತು. ಇಲಿನಾಯ್‌ನ ಕಲ್ಪಿತ ಪಟ್ಟಣ ಲ್ಯಾನ್‌ಫರ್ಡ್. ರೋಸಾನ್ ಪ್ಲಾಸ್ಟಿಕ್ ಕಾರ್ಖಾನೆಯ ಕೆಲಸದವಳು, ಗಂಡ ಡ್ಯಾನ್ ಮನೆಗಳ ಗೋಡೆ ಕೆಲಸದ ಗುತ್ತಿಗೆದಾರ. ಮೊದಲ ವರ್ಷದ ಕೊನೆಗೆ ಮೇಲಧಿಕಾರಿಯ ದಬ್ಬಾಳಿಕೆ ತಾಳದೆ ರೋಸಾನ್ ಗೆಳತಿಯರ ಜೊತೆ ಕಾರ್ಖಾನೆ ಬಿಟ್ಟು ಹೊರಬರುತ್ತಾಳೆ. ಬೇರೆ ಧಾರಾವಾಹಿಯಾಗಿದ್ದರೆ ಮುಂದಿನ ವಾರ ಒಳ್ಳೆಯ ಕೆಲಸ ಸಿಕ್ಕಿಬಿಡುತ್ತಿತ್ತು. ಇಲ್ಲಿ ಅವಳು ಸಲೂನಿನಲ್ಲಿ ಕೂದಲು ಗುಡಿಸುತ್ತಾಳೆ, ಹೋಟೆಲಿನಲ್ಲಿ ತಟ್ಟೆ ಹೊರುತ್ತಾಳೆ. ಡ್ಯಾನ್ ತೆರೆದ ಮೋಟರ್‌ಸೈಕಲ್ ಅಂಗಡಿ ಮುಳುಗುತ್ತದೆ. ಬಿಲ್ಲು ಕಟ್ಟದ್ದಕ್ಕೆ ಒಂದು ದಿನ ಮನೆಯ ಕರೆಂಟೇ ಹೋಗುತ್ತದೆ, ಗಂಡ ಹೆಂಡತಿ ಕತ್ತಲಲ್ಲಿ ನಗುತ್ತಾರೆ. ಆ ನಗು ನಿರ್ದೇಶಕರು ಹೇಳಿ ಬರಿಸಿದ್ದಲ್ಲ ಎನಿಸುತ್ತದೆ. 1989-90ರ ಸಾಲಿನಲ್ಲಿ ‘ಕಾಸ್ಬಿ’ಯೂ ‘ರೋಸಾನ್’ನೂ ಜೊತೆಯಾಗಿ ಮೊದಲ ಸ್ಥಾನದಲ್ಲಿದ್ದವು. ಆಟದ ನೋಟಿನ ಮನೆ, ಕರೆಂಟು ಕಡಿದ ಮನೆ ಎರಡನ್ನೂ ಒಂದೇ ದೇಶ ಒಂದೇ ವರ್ಷ ಮನಸಾರೆ ನೋಡಿತು.

ಕೊನೆಯ ಸಾಲಿನಲ್ಲಿ ರೋಸಾನಳ ಕಾನರ್ ಕುಟುಂಬಕ್ಕೆ ಲಾಟರಿ ಹೊಡೆಯುತ್ತದೆ. ನೋಡುವವರಿಗೆ ಬೇಸರವಾಯಿತು. ಅಂತಿಮ ಕಂತಿನಲ್ಲಿ ತಿಳಿಯುವುದೇನೆಂದರೆ ಅದೆಲ್ಲ ರೋಸಾನ್ ಬರೆದುಕೊಂಡ ಕತೆ, ನಿಜದಲ್ಲಿ ಡ್ಯಾನ್ ಹೃದಯಾಘಾತದಿಂದ ತೀರಿಕೊಂಡಿದ್ದಾನೆ. 2018ರಲ್ಲಿ ಧಾರಾವಾಹಿ ಮರಳಿದಾಗ ಡ್ಯಾನ್‌ನನ್ನು ಬದುಕಿಸಿದರು. ನಾಯಕನಟಿ ರೋಸಾನ್ ಬಾರ್ ಅವರ ಜನಾಂಗದ್ವೇಷದ ಟ್ವೀಟಿನಿಂದ ಅದು ಕೆಲವೇ ತಿಂಗಳಲ್ಲಿ ರದ್ದಾಗಿ, ಉಳಿದವರನ್ನಿಟ್ಟುಕೊಂಡು ‘ದಿ ಕಾನರ್ಸ್’ ಶುರುವಾಯಿತು. ಅದರಲ್ಲಿ ರೋಸಾನ್ ಸತ್ತದ್ದು ಮೊಣಕಾಲಿನ ನೋವಿಗೆ ತಿನ್ನುತ್ತಿದ್ದ ಮಾತ್ರೆ ಅತಿಯಾಗಿ. ಆಸ್ಪತ್ರೆಯ ಖರ್ಚು, ನೋವಿನ ಮಾತ್ರೆಯ ಚಟ ಎರಡೂ ಅಮೆರಿಕದ ಸಣ್ಣ ಪಟ್ಟಣಗಳನ್ನು ಹಿಂಡಿದ ಸಂಕಟಗಳು.

2009ರ ‘ಮಾಡರ್ನ್ ಫ್ಯಾಮಿಲಿ’ಯ ಬಗ್ಗೆ ನನಗೆ ಮೆಚ್ಚುಗೆಯೂ ಇದೆ, ತಕರಾರೂ ಇದೆ. ಗಂಡಿಬ್ಬರ ಸಂಸಾರ, ಅವರು ದತ್ತು ಪಡೆದ ಮಗು, ಮುದಿ ಗಂಡನ ಕೊಲಂಬಿಯಾದ ಎಳೆ ಹೆಂಡತಿ, ಎಲ್ಲವನ್ನೂ ಅದು ಮನೆಯೊಳಗಿನ ಮಾತಾಗಿಸಿತು. ಕ್ಯಾಮ್, ಮಿಚೆಲ್ ಇಬ್ಬರ ಮದುವೆ 2014ರಲ್ಲಿ, ಸಲಿಂಗ ವಿವಾಹವನ್ನು ದೇಶಾದ್ಯಂತ ಎತ್ತಿಹಿಡಿದ ತೀರ್ಪಿಗೆ ಒಂದು ವರ್ಷ ಮುಂಚೆ. ಆದರೆ ಮನೆಸಾಲಗಳ ಕುಸಿತದಿಂದ ಲಕ್ಷಾಂತರ ಅಮೆರಿಕನ್ನರು ಬೀದಿಗೆ ಬಿದ್ದ ಕಾಲ ಅದು, ಕತೆಯ ಒಬ್ಬ ಅಪ್ಪ ಫಿಲ್‌ನ ವೃತ್ತಿಯೇ ಮನೆ ಮಾರಾಟ. ಆ ಕುಸಿತ ಲಾಸ್ ಏಂಜಲೀಸ್‌ನ ಆ ಮೂರು ಚಂದದ ಮನೆಗಳ ಗೋಡೆಯಲ್ಲಿ ಬಿರುಕು ಮೂಡಿಸಲಿಲ್ಲ. ಎಲ್ಲ ಬಾಗಿಲು ತೆರೆದ ಮನೆಯಲ್ಲಿ ಬೀರುವಿಗೆ ಮಾತ್ರ ಬೀಗ.

ವಾಗ್ಲೆಯ ತಿಂಗಳ ಕೊನೆ

ನಮ್ಮಲ್ಲಿ ಈ ಬಗೆಯ ಹಾಸ್ಯ ಮನೆಮಾತಾದದ್ದು 1984ರಲ್ಲಿ, ದೂರದರ್ಶನದ ‘ಯೇ ಜೋ ಹೈ ಜಿಂದಗಿ’ಯಿಂದ. ಶರದ್ ಜೋಷಿ ಬರೆದ ಅದರಲ್ಲಿ ಸತೀಶ್ ಷಾ ಕಂತಿಗೊಂದು ವೇಷ ಹಾಕುತ್ತಿದ್ದರು. ‘ರೋಸಾನ್’ ಶುರುವಾದ 1988ರಲ್ಲೇ ಕುಂದನ್ ಷಾ ಅವರ ‘ವಾಗ್ಲೇ ಕಿ ದುನಿಯಾ’ ಬಂತು. ಅದರ ಬೇರು ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣರ ಪಾತ್ರಗಳಲ್ಲಿದೆ. ಅವರ ವ್ಯಂಗ್ಯಚಿತ್ರದ ಚೌಕುಳಿ ಕೋಟಿನ ಶ್ರೀಸಾಮಾನ್ಯ ಮಾತಾಡದೆ ನೋಡುತ್ತಿದ್ದ. ಅಂಜನ್ ಶ್ರೀವಾಸ್ತವರ ವಾಗ್ಲೆ ಗೊಣಗುತ್ತ, ಬೆದರುತ್ತ, ಅದೇ ಜಗತ್ತನ್ನು ಆಫೀಸಿನ ಗುಮಾಸ್ತನ ಸಂಬಳದಲ್ಲಿ ದಾಟುತ್ತಾನೆ. ಭಾರತಿ ಆಚರೇಕರ್ ಅವರ ರಾಧಿಕಾ ಮನೆ ನಡೆಸುತ್ತಾಳೆ. ಅಂಗಡಿ, ಬಸ್ಸು, ಪೊಲೀಸು, ನೆಂಟರು, ಇಷ್ಟೇ ಅವನ ಪ್ರಪಂಚ. ಅವನ ಪುಕ್ಕಲುತನಕ್ಕೆ ನಾವು ನಗುವಾಗ ಅದರ ಅಡಿಯಲ್ಲಿರುವುದು ಸಂಬಳದ ಮಿತಿ ಎಂಬುದು ನೋಡುವವರಿಗೆಲ್ಲ ತಿಳಿದಿತ್ತು, ಯಾಕೆಂದರೆ ಅವರಿಗೂ ಅಷ್ಟೇ ಸಂಬಳ.

ಕೇಬಲ್ ಟಿವಿಯ ಜೊತೆ ಮನೆಗಳು ಹಿಗ್ಗಿದವು. 2004ರ ‘ಸಾರಾಭಾಯ್ ವರ್ಸಸ್ ಸಾರಾಭಾಯ್’ ಮುಂಬಯಿಯ ಕಫ್ ಪರೇಡಿನ ಸಿರಿವಂತರದ್ದು. ರತ್ನಾ ಪಾಠಕ್ ಷಾ ಅವರ ಮಾಯಾ ಅತ್ತೆಗೆ ಸೊಸೆ ಮೊನಿಷಾಳ ಚೌಕಾಸಿ, ರಿಯಾಯಿತಿ ದರದ ಮೋಹ, ಉಳಿತಾಯದ ಬುದ್ಧಿ ಎಲ್ಲ ಅಸಹ್ಯ. ಮಧ್ಯಮ ವರ್ಗ ಎಂಬುದೇ ಅವಳ ಬಾಯಲ್ಲಿ ಬೈಗುಳ. ಬರವಣಿಗೆ ಅಸಾಧಾರಣ, ರತ್ನಾ ಅಭಿನಯಕ್ಕೆ ಸಾಟಿಯಿಲ್ಲ. ಆದರೆ ಹದಿನಾರು ವರ್ಷದ ಹಿಂದೆ ದೇಶ ಯಾರ ಕಣ್ಣಿನಿಂದ ನೋಡುತ್ತ ನಕ್ಕಿತೋ ಆ ವಾಗ್ಲೆ ದಂಪತಿಯಂಥವರೇ ಈಗ ನಗೆಯ ಗುರಿಯಾಗಿದ್ದರು. ಅದನ್ನು ಮಾಡಿದ ಜೆ.ಡಿ. ಮಜೇಥಿಯಾ, ಆತಿಶ್ ಕಪಾಡಿಯಾ ಜೋಡಿಯೇ 2021ರಲ್ಲಿ ವಾಗ್ಲೆಯ ಹೊಸ ತಲೆಮಾರನ್ನು ತೆರೆಗೆ ತಂದಿತು. ಅಂಜನ್, ಭಾರತಿ ಅದರಲ್ಲಿ ಅಜ್ಜ ಅಜ್ಜಿ. ಮಗ ರಾಜೇಶ್ ವಾಗ್ಲೆಯಾಗಿ ಬಂದ ಸುಮೀತ್ ರಾಘವನ್, ಸಾರಾಭಾಯ್ ಮನೆಯಲ್ಲಿ ಮೊನಿಷಾಳ ಗಂಡನಾಗಿದ್ದವರು.

ಕನ್ನಡದ ಟಿವಿ ಹಾಸ್ಯ ಬೇರೆ ದಾರಿಯಲ್ಲಿ ಬಂತು. ಅದರ ನಂಟು ನಮ್ಮ ರಂಗಭೂಮಿಯ ಜೊತೆ: ಕೈಲಾಸಂ ಅವರ ಪಡಸಾಲೆಗಳು, ಷೇಕ್ಸ್‌ಪಿಯರನ ನಾಟಕವೊಂದನ್ನು ಪರ್ವತವಾಣಿ ಕನ್ನಡದ ಸಂಸಾರಕ್ಕೆ ಒಗ್ಗಿಸಿದ ‘ಬಹದ್ದೂರ್ ಗಂಡ’. ದೂರದರ್ಶನದ ‘ಸಿಹಿಕಹಿ’ ಧಾರಾವಾಹಿಯಿಂದ ಹೆಸರನ್ನೇ ಪಡೆದ ಸಿಹಿಕಹಿ ಚಂದ್ರು ಮುಂದೆ ಈಟಿವಿ ಕನ್ನಡಕ್ಕೆ ‘ಪಾಪ ಪಾಂಡು’ ಮಾಡಿದರು. ಚಿದಾನಂದ್, ಶಾಲಿನಿ ಅವರ ಮಾತಿನ ವರಸೆಗೆ ನಾಡು ಮರುಳಾಯಿತು, 2018ರಲ್ಲಿ ಅದೇ ಜೋಡಿ ಮತ್ತೆ ಬಂತು. ವಿಜಯಪ್ರಸಾದ್ ಅವರ ‘ಸಿಲ್ಲಿ ಲಲ್ಲಿ’ಯಲ್ಲಿ ಡಾಕ್ಟರ್ ವಿಠ್ಠಲರಾಯರೂ ಸಮಾಜಸೇವಕಿ ಲಲಿತಾಂಬಳೂ ಇದ್ದ ಮನೆ ಸಂತೆಯಂತಿತ್ತು. ಇವೆರಡರ ಜೀವಾಳ ಭಾಷೆ, ಮಾತಿಗೆ ಮಾತು ಜೋಡಿಸುವ ಚುರುಕು. ಆ ಶಕ್ತಿಯನ್ನು ಹಿಂದಿಯ ಎಷ್ಟೋ ಧಾರಾವಾಹಿಗಳಲ್ಲಿ ನಾನು ಕಂಡಿಲ್ಲ. ಮನೆಯ ಜಮಾಖರ್ಚು ಮಾತ್ರ ಆ ಮಾತಿನ ಮಳೆಯ ಆಚೆ ಉಳಿಯಿತು.

2019ರಲ್ಲಿ ಟಿವಿಎಫ್ ತಂಡದ ‘ಗುಲ್ಲಕ್’ ಬಂದಾಗ ಅದರಲ್ಲಿ ಕತೆ ಹೇಳುವುದೇ ಚಿಲ್ಲರೆ ಹಾಕುವ ಮಣ್ಣಿನ ಹುಂಡಿ. ಉತ್ತರ ಭಾರತದ ಪುಟ್ಟ ಊರಿನ ವಿದ್ಯುತ್ ಇಲಾಖೆಯ ನೌಕರ ಮಿಶ್ರಾ, ಹೆಂಡತಿ ಶಾಂತಿ, ಇಬ್ಬರು ಗಂಡುಮಕ್ಕಳು. ಜಮೀಲ್ ಖಾನ್, ಗೀತಾಂಜಲಿ ಕುಲಕರ್ಣಿ ಇಬ್ಬರೂ ಆ ಮನೆಯಲ್ಲಿ ನಿಜಕ್ಕೂ ಬದುಕುತ್ತಿದ್ದಾರೆ ಎನಿಸುತ್ತದೆ. ಅಲ್ಲಿ ಜಗಳ ಶುರುವಾಗುವುದೂ ಖರ್ಚಿನಿಂದ, ಪ್ರೀತಿ ಕಾಣುವುದೂ ಖರ್ಚಿನಲ್ಲಿ. ಇಂಥದ್ದೊಂದು ಕತೆ ಕನ್ನಡದಲ್ಲೂ ಕಾದಿದೆ: ಬೆಂಗಳೂರಿನಲ್ಲಿ ಇಪ್ಪತ್ತು ವರ್ಷದ ಸಾಲಕ್ಕೆ ಕೊಂಡ ಎರಡು ಕೋಣೆಯ ಫ್ಲ್ಯಾಟಿದೆ. ಮೊಮ್ಮಗು ನೋಡಿಕೊಳ್ಳಲು ಹಾಸನದಿಂದಲೋ ಶಿರಸಿಯಿಂದಲೋ ಬಂದು, ಹತ್ತನೇ ಮಹಡಿಯಲ್ಲಿ ಹೊತ್ತು ಕಳೆಯುವ ಅಜ್ಜಿ 1ನೇ ತಾರೀಖಿನ ಇಎಂಐ ಬಗ್ಗೆ ಮಗ ಸೊಸೆ ಪಿಸುಗುಡುವುದನ್ನು ಕೇಳಿಯೂ ಕೇಳದಂತಿರುತ್ತಾಳೆ. ಸೊಸೆಯ ಸಂಬಳ ಮಗನದ್ದಕ್ಕಿಂತ ಹೆಚ್ಚು ಎಂಬುದನ್ನು ಊರಲ್ಲಿ ಯಾರಿಗೂ ಹೇಳಿಲ್ಲ. ಅವಳ ಕಂಪನಿಯಲ್ಲಿ ಜನರನ್ನು ತೆಗೆಯುತ್ತಿದ್ದಾರೆ. ‘ಪಾಪ ಪಾಂಡು’ವಿನ ಮಾತುಗಾರಿಕೆ ಗೊತ್ತಿರುವ ಕನ್ನಡದ ಲೇಖಕರಿಗೆ ಇಷ್ಟು ಸಾಮಗ್ರಿ ಸಾಕು, ಮೊದಲ ಕಂತನ್ನು ಇವತ್ತೇ ಬರೆಯಬಹುದು.